ಅಪ್ಪನ ಗೋಡೆಯ ನಾಲ್ಕು ಮೂಲೆ

ಅವಳಿಗೆ ಆ ಸಾಲಿನ ಅಂಗಡಿಯವರೆಲ್ಲ ಸೇರಿ ಇಟ್ಟ ಹೆಸರು ಸೊಟ್ಟಕ್ಕ. ಅವಳೇನೂ ಸೊಟ್ಟಗಿರಲಿಲ್ಲ. ನಲವತ್ತೇಳು ತುಂಬಿದರೂ ಬೆನ್ನು ಅಳತೆಪಟ್ಟಿಯ ಹಾಗೆ ನೆಟ್ಟಗಿತ್ತು. ಉಳಿದ ಪ್ರಪಂಚವೇ ಸೊಟ್ಟಗಿದೆ ಎಂಬುದು ಅವಳ ದೂರು. ತಲೆನೋವಿನ ಮಾತ್ರೆಗೆಂದು ಪಕ್ಕದ ಔಷಧಿ ಅಂಗಡಿಗೆ ಹೋದರೆ ಮೊದಲು ಅವರ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಆಮೇಲೆ ಮಾತ್ರೆ ಕೇಳುವಳು. ಎದುರಿನ ದರ್ಜಿ ಹೊಸ ಬೋರ್ಡು ಹಾಕಿಸಿದ ದಿನ ರಸ್ತೆಯ ನಡುವೆ ನಿಂತು, "ಎಡಗಡೆ ಅರ್ಧ ಬೆರಳು ಇಳಿದಿದೆ, ಸೊಟ್ಟ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ದರ್ಜಿ ಆ ಬೋರ್ಡನ್ನು ಹಟಕ್ಕೆ ಹಾಗೇ ಬಿಟ್ಟಿದ್ದಾನೆ. ದಿನಾ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಅದನ್ನು ನೋಡಿ ಅವಳ ಮೈ ಉರಿಯಬೇಕು, ಅದೇ ಅವನಿಗೆ ಸಂತೋಷ.

ಅವರದು ಪ್ರಿಂಟಿಂಗ್ ಅಂಗಡಿ. ಮುಂದೆ ಕೌಂಟರ್, ಅಲ್ಲಿ ಅತ್ತಿಗೆ. ಹಿಂದೆ ದೊಡ್ಡ ಯಂತ್ರ, ಅಲ್ಲಿ ಅಣ್ಣ. ನಡುವೆ ಪ್ಲೈವುಡ್ಡಿನ ಗೂಡೊಂದರಲ್ಲಿ ಕಂಪ್ಯೂಟರ್, ಅಲ್ಲಿ ಸೊಟ್ಟಕ್ಕ. ಜನ ಮೊಬೈಲಿನಲ್ಲಿ ಅಡ್ಡಾದಿಡ್ಡಿ ಹಿಡಿದು ತಂದ ಫೋಟೋಗಳನ್ನು ನೆಟ್ಟಗೆ ಮಾಡುವುದು ಅವಳ ಕೆಲಸ. ಮೇಜಿನ ಮೇಲಿಟ್ಟು ಓರೆಯಾಗಿ ತೆಗೆದ ಪ್ರಮಾಣಪತ್ರ, ಗೋಡೆಯ ಬುಡದಲ್ಲಿ ನಿಂತು ತಲೆಯೆತ್ತಿ ತೆಗೆದ ಕಟ್ಟಡ, ಗಾಜಿನ ಹೊಳಪು ತಪ್ಪಿಸಲು ಪಕ್ಕದಿಂದ ತೆಗೆದ ಹಳೆಯ ಚಿತ್ರಪಟ, ಎಲ್ಲವೂ ಅವಳ ಗೂಡಿಗೆ ಬರುತ್ತಿದ್ದವು. ಅವಳು ನಾಲ್ಕು ಮೂಲೆ ಹಿಡಿದು ಎಳೆಯುವಳು. ಓರೆಯಾದದ್ದು ಎದುರಿಗೆ ಬಂದು ನಿಲ್ಲುತ್ತಿತ್ತು.

ಈ ಎಳೆಯುವುದರಲ್ಲಿ ಒಂದು ಗುಟ್ಟಿದೆ. ಮೂಲೆ ಎಳೆದು ಒಮ್ಮೆ ಸರಿ ಎಂದು ಒತ್ತಿದರೆ ಸಾಫ್ಟ್‌ವೇರ್ ಚಿತ್ರದ ಚುಕ್ಕೆಗಳನ್ನೆಲ್ಲ ಹೊಸದಾಗಿ ಲೆಕ್ಕಹಾಕಿ ಕೂರಿಸುತ್ತದೆ. ಅಷ್ಟಕ್ಕೇ ಬಿಟ್ಟರೆ ಅಡ್ಡಿಯಿಲ್ಲ. ಆದರೆ ಮನಸ್ಸಿಗೆ ಹಿಡಿಸಲಿಲ್ಲವೆಂದು ಮತ್ತೆ ಎಳೆದರೆ ಅದು ಹೋದ ಸಲದ ಲೆಕ್ಕದ ಮೇಲೆ ಇನ್ನೊಂದು ಲೆಕ್ಕ ಹಾಕುತ್ತದೆ, ಮತ್ತೆ ಎಳೆದರೆ ಅದರ ಮೇಲೆ ಮತ್ತೊಂದು. ರುಬ್ಬಿದ್ದನ್ನೇ ರುಬ್ಬಿದ ಹಾಗೆ. ಹತ್ತು ಸಲವಾಗುವ ಹೊತ್ತಿಗೆ ಅಕ್ಷರದ ಅಂಚು ಕರಗಿ ಮಸಿಯಾಗಿರುತ್ತದೆ. ಅದಕ್ಕೆ ಉಪಾಯವೆಂದರೆ ಮೂಲಚಿತ್ರವನ್ನು ಮೊದಲು ಸಾಫ್ಟ್‌ವೇರಿನಲ್ಲೇ ಒಂದು ಹೊದಿಕೆಯೊಳಗೆ ಇಡುವುದು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ, ಸೊಟ್ಟಕ್ಕನ ಬಾಯಲ್ಲಿ ಅದು ಲಕೋಟೆ. ಲಕೋಟೆಯೊಳಗಿರುವ ಚಿತ್ರವನ್ನು ನೂರು ಸಲ ಎಳೆದಾಡಿ, ಸಾಫ್ಟ್‌ವೇರ್ ಪ್ರತಿ ಸಲವೂ ಒಳಗಿನ ಮೂಲಚಿತ್ರವನ್ನೇ ನೋಡಿಕೊಂಡು ಒಂದೇ ಒಂದು ಲೆಕ್ಕ ಹಾಕುತ್ತದೆ. ಏನೂ ಕೆಡುವುದಿಲ್ಲ. ಅವಳ ಕಂಪ್ಯೂಟರಿನ ಮೇಲೆ ಒಂದು ಚೀಟಿ ಅಂಟಿಸಿತ್ತು: 'ಮೊದಲು ಲಕೋಟೆ. ಮೂಲ ಮುಟ್ಟಿದವರ ಕೈ ಮುರಿಯುತ್ತೇನೆ.' ಅದು ಯಾರಿಗೆ ಬರೆದದ್ದೆಂದು ಅಂಗಡಿಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅವಳು ಜ್ವರ ಬಂದು ಮಲಗಿದ್ದ ದಿನ ಅತ್ತಿಗೆ ಆ ಕುರ್ಚಿಯಲ್ಲಿ ಕುಳಿತು ಯಾರದೋ ಶಾಲೆಯ ಪ್ರಮಾಣಪತ್ರವನ್ನು ಏಳು ಸಲ ಎಳೆದು ಹಾಳುಮಾಡಿದ್ದಳು. ಮಾರನೆಯ ದಿನ ಸೊಟ್ಟಕ್ಕ ಕೆಂಡಾಮಂಡಲವಾಗಿ, ಗಿರಾಕಿಗಳು ನಿಂತಿದ್ದಾರೆಂದೂ ನೋಡದೆ, "ನಿಮ್ಮ ಮುಖದಲ್ಲಿರೋದು ಕಣ್ಣೋ, ಇಲ್ಲ ಎರಡು ಗುಂಡಿ ಹೊಲಿಸ್ಕೊಂಡು ಬಂದಿದೀರೋ? ನಮ್ಮಪ್ಪ ಇದ್ದಿದ್ರೆ ನಿಮ್ಮನ್ನ ಈ ಅಂಗಡಿ ಮೆಟ್ಟಿಲು ಹತ್ತಿಸ್ತಿರಲಿಲ್ಲ" ಎಂದುಬಿಟ್ಟಳು. ಅತ್ತಿಗೆ ಗಿರಾಕಿಗಳ ಕಡೆ ತಿರುಗಿ ಕೆಲಸ ಕೇಳಿದಳು. ಆವತ್ತಿಗೆ ಇಬ್ಬರ ನಡುವಿನ ಮಾತು ನಿಂತಿತು.

ಮಾತು ನಿಂತಿತು ಎಂದರೆ ಬೈಗುಳ ನಿಂತಿತು ಎಂದಲ್ಲ. ಅದಕ್ಕೆ ಅಣ್ಣನೆಂಬ ಬಡಪಾಯಿ ಇದ್ದನಲ್ಲ. "ಏನ್ರೀ, ನಿಮ್ಮ ತಂಗಿಗೆ ಹೇಳಿ, ಡಾಕ್ಟ್ರ ಮನೆ ಬೋರ್ಡು ಇವತ್ತು ಸಂಜೆ ಬೇಕಂತೆ" ಎಂದು ಅತ್ತಿಗೆ ಕೌಂಟರಿನಿಂದ ಕೂಗುವಳು. "ಅಣ್ಣಾ, ಅತ್ತಿಗೆಗೆ ಹೇಳು, ನನಗೆ ಇರೋದು ಎರಡೇ ಕೈ" ಎಂದು ಗೂಡಿನಿಂದ ಉತ್ತರ ಹೋಗುವುದು. ಇಬ್ಬರ ನಡುವಿನ ದೂರ ಎಂಟು ಅಡಿ, ಅಣ್ಣನ ಯಂತ್ರ ಇಪ್ಪತ್ತು ಅಡಿ ಹಿಂದೆ. ಮೊದಮೊದಲು ಅಣ್ಣ ಪಾಪ ಎದ್ದು ಬಂದು ಮಾತು ತಲುಪಿಸುತ್ತಿದ್ದ. ಆಮೇಲಾಮೇಲೆ ಯಂತ್ರದ ಸದ್ದಿನೊಳಗಿಂದಲೇ, "ಕೇಳಿಸ್ತಲ್ಲ" ಎನ್ನಲು ಕಲಿತ. ಬರೆದು ತಿಳಿಸಬೇಕಾದ ಕೆಲಸಗಳನ್ನು ಅತ್ತಿಗೆ ಚೀಟಿ ಮಾಡಿ ಗೂಡಿನ ಬಾಗಿಲಿನ ಮೊಳೆಗೆ ಚುಚ್ಚುತ್ತಿದ್ದಳು. ಚೀಟಿ ಸೊಟ್ಟಗೆ ಚುಚ್ಚುವುದನ್ನು ಮಾತ್ರ ಒಂದು ದಿನವೂ ಮರೆತವಳಲ್ಲ.

ಸೊಟ್ಟಕ್ಕನಿಗೆ ಈ ಕಣ್ಣು ಬಂದದ್ದು ಅಪ್ಪನಿಂದ. ಅಪ್ಪ ಬೋರ್ಡು ಬರೆಯುವವನಾಗಿದ್ದ. ಬೇರೆ ಪೇಂಟರುಗಳು ಗೋಡೆಯ ಮೇಲೆ ಅಕ್ಷರ ಬರೆಯುವ ಮುನ್ನ ಸುಣ್ಣ ಹಚ್ಚಿದ ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿದು, ಮೀಟಿ, ಗೆರೆ ಮೂಡಿಸಿಕೊಳ್ಳುತ್ತಿದ್ದರು. ಅಪ್ಪ ದಾರ ಹೊಡೆದವನಲ್ಲ. "ದಾರ ಬೇಕಾದವನು ಕುರುಡ" ಎನ್ನುತ್ತಿದ್ದ. ಏಣಿ ಹತ್ತಿ, ಒಂದು ಕಣ್ಣು ಮುಚ್ಚಿ, ಕುಂಚದ ಹಿಡಿಯನ್ನು ಅಡ್ಡ ಹಿಡಿದು ಒಮ್ಮೆ ನೋಡಿದರೆ ಮುಗಿಯಿತು. ಮೂವತ್ತು ಅಡಿ ಸಾಲು ಕೂದಲೆಳೆಯಷ್ಟೂ ಆಚೀಚೆಯಾಗುತ್ತಿರಲಿಲ್ಲ. ಹತ್ತನೆಯ ವಯಸ್ಸಿನಿಂದ ಅವನ ಅಕ್ಷರಗಳ ಒಳಗೆ ಬಣ್ಣ ತುಂಬಿದವಳು ಅವಳು. ಅಣ್ಣನಿಗೆ ಅಂಗಡಿ ಬಂತು, ತನಗೆ ಕಣ್ಣು ಬಂತು ಎಂದು ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಬಸ್ ಡ್ರೈವರನೊಬ್ಬನನ್ನು ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ್ದಳು. ಅವನ ಬೈತಲೆ ನೆಟ್ಟಗಿತ್ತೆಂದೇ ಒಪ್ಪಿಕೊಂಡಳು ಎಂದು ಅತ್ತಿಗೆ ಗಿರಾಕಿಗಳ ಮುಂದೆ ಆಡಿಕೊಂಡು ನಗುತ್ತಿದ್ದಳು.

ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಅವನು ಬರೆದ ಗೋಡೆಗಳು ಒಂದೊಂದಾಗಿ ಬಣ್ಣದಡಿ ಹೋದವು, ಬೋರ್ಡುಗಳು ತುಕ್ಕು ಹಿಡಿದವು. ಕೊನೆಗೆ ಉಳಿದದ್ದು ಒಂದೇ, ಹೊಲಿಗೆ ಯಂತ್ರದ ಅಂಗಡಿಯ ಪಕ್ಕದ ಗೋಡೆ. ಆರು ಅಡಿ ಅಗಲದ ಗಲ್ಲಿಯೊಳಗೆ, ಎರಡು ಮಹಡಿ ಎತ್ತರದಲ್ಲಿ, ನೀಲಿ ಗೋಡೆಯ ಮೇಲೆ ಹಳದಿ ಅಕ್ಷರದಲ್ಲಿ 'ಹೊಲಿಗೆ ಯಂತ್ರಗಳ ಮಾರಾಟ ಮತ್ತು ರಿಪೇರಿ'. ಅಪ್ಪ ಬರೆದ ಕೊನೆಯ ಗೋಡೆ ಅದು. ಹೋದ ವರ್ಷ ಆ ಕಟ್ಟಡವನ್ನೂ ಕೆಡವಿದರು.

ಹಾಗಾಗಿ ಹೊಲಿಗೆ ಯಂತ್ರದಂಗಡಿಯವರ ಮಗಳು ಸೋಮವಾರ ಬೆಳಗ್ಗೆ ಬಂದು ಹೇಳಿದ ಮಾತಿಗೆ ಸೊಟ್ಟಕ್ಕನ ಎದೆ ಹಿಗ್ಗಿತು. ಹೊಸ ಕಟ್ಟಡದ ಕೆಲಸ ಮುಗಿಯುತ್ತ ಬಂದಿತ್ತು. ಒಳಗೆ ಎದುರಿನ ಗೋಡೆಯ ತುಂಬ ಆ ಹಳೆಯ ಬರಹದ ಚಿತ್ರ ಬೇಕು, ಕೆಳಗೆ ಬರೆದವರ ಹೆಸರೂ ಹಾಕೋಣ ಎಂದು ಆ ಹೆಂಗಸು ಹೇಳಿದಳು. "ಫೋಟೋ ನಿಮ್ಮಲ್ಲಿದೆ ಅಂತ ನಮ್ಮಪ್ಪ ಹೇಳ್ತಿದ್ರು. ಶುಕ್ರವಾರದೊಳಗೆ ಒಂದು ಸ್ಯಾಂಪಲ್ ತೋರಿಸ್ತೀರಾ? ಆಗ್ಲಿಲ್ಲ ಅಂದ್ರೆ ಬೇಜಾರಿಲ್ಲ, ಕಂಪ್ಯೂಟರ್ ಅಕ್ಷರದಲ್ಲೇ ಹೊಸದಾಗಿ ಮಾಡಿಸ್ತೀನಿ."

"ಕಂಪ್ಯೂಟರ್ ಅಕ್ಷರವಾ?" ಸೊಟ್ಟಕ್ಕ ಎದ್ದೇ ನಿಂತಳು. "ಶುಕ್ರವಾರ ಬನ್ನಿ ನೀವು."

ಫೈಲು ಸಿಕ್ಕಿತು. ತೆರೆದಳು. ಪರದೆಯ ಮೇಲೆ ಸಣ್ಣದಾಗಿ ಕಂಡಾಗ ಚೆನ್ನಾಗಿಯೇ ಇತ್ತು, ಅಕ್ಷರಗಳು ಸಾಲಾಗಿ, ನೆಟ್ಟಗೆ. ದೊಡ್ಡದು ಮಾಡಿ ನೋಡಿದಾಗ ಅಂಚುಗಳೇ ಇರಲಿಲ್ಲ. ಹಳದಿ ನೀಲಿಯೊಳಗೆ ಸೋರಿತ್ತು. ಅಪ್ಪನ 'ಹೊ' ಒದ್ದೆ ಹತ್ತಿಯ ಉಂಡೆಯ ಹಾಗೆ ಉಬ್ಬಿತ್ತು. ಇದು ಕ್ಯಾಮೆರಾದ ಮಸುಕಲ್ಲ. ಇದು ಎಳೆದು, ಸರಿ ಒತ್ತಿ, ಮತ್ತೆ ಎಳೆದು, ಮತ್ತೆ ಒತ್ತಿ, ಅದರ ಮೇಲೇ ಉಳಿಸಿದ ಮಸುಕು. ಅವಳಿಗಿಂತ ಚೆನ್ನಾಗಿ ಇದನ್ನು ಗುರುತಿಸುವವರು ಆ ಊರಿನಲ್ಲಿ ಯಾರಿದ್ದರು?

"ಅಣ್ಣಾ!" ಎಂದಳು. ಯಂತ್ರ ನಿಂತಿತು. "ಅತ್ತಿಗೆಗೆ ಹೇಳು, ನಮ್ಮಪ್ಪನ ಗೋಡೆನ ಕೊಂದುಹಾಕಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಂತ."

"ಏನ್ರೀ, ನಿಮ್ಮ ತಂಗಿಗೇನಾಗಿದೆ?" ಎಂದಳು ಅತ್ತಿಗೆ, ಕೌಂಟರಿನಲ್ಲಿ ಕಾಗದ ಸೇರಿಸಿ ಪಿನ್ನು ಹೊಡೆಯುತ್ತ.

"ಎಳೆದೆಳೆದು ಮಸಿ ಮಾಡಿದಾರೆ. ಈ ಅಂಗಡೀಲಿ ಲಕೋಟೆ ಇಲ್ಲದೆ ಮೂಲೆ ಎಳೆಯೋ ಕೈ ಇನ್ಯಾರದು? ಒಂದು ಸಲ ಹಾಳುಮಾಡಿದ್ದು ಸಾಲದು ಅಂತ ನಮ್ಮಪ್ಪಂದೂ ಬೇಕಿತ್ತಾ? ಹೇಳು ಅವರಿಗೆ, ಕದ್ದು ಕೂತು ಮಾಡಿದಾರೆ. ಕಳ್ಳಿ ಕೆಲಸ."

"ಏನ್ರೀ, ಆ ಕುರ್ಚಿ ಮೇಲೆ ನಾನು ಕೂತದ್ದು ಜೀವನದಲ್ಲಿ ಒಂದೇ ದಿನ ಅಂತ ಹೇಳಿ. ಇನ್ನೊಂದು ಸಲ ಕಳ್ಳಿ ಅಂದ್ರೆ ಈ ಪಿನ್ನು ಹೊಡೆಯೋದು ಬಾಯಿಗೇ ಅಂತಲೂ ಹೇಳಿ."

"ಕೇಳಿಸ್ತಲ್ಲ," ಎಂದ ಅಣ್ಣ, ಮತ್ತು ಯಂತ್ರವನ್ನು ಬೇಕಂತಲೇ ಜೋರಾಗಿ ಓಡಿಸಿದ.

ಮೂರು ದಿನ ಇದೇ ನಡೆಯಿತು. ಬಂದ ಗಿರಾಕಿಗಳಿಗೆಲ್ಲ ಸೊಟ್ಟಕ್ಕ ಪರದೆ ತಿರುಗಿಸಿ ತೋರಿಸಿದಳು. "ನೋಡಿ, ನಲವತ್ತು ವರ್ಷ ಕುಂಚ ಹಿಡಿದವರ ಅಕ್ಷರ, ಹೀಗೆ ಮಾಡಿಟ್ಟಿದಾರೆ ನಮ್ಮ ಮನೆಯವರೇ." ಮನೆಯವರು ಯಾರೆಂದು ಬಾಯಿಬಿಟ್ಟು ಹೇಳಲಿಲ್ಲ, ಗದ್ದವನ್ನು ಕೌಂಟರಿನ ಕಡೆ ಎತ್ತಿ ತೋರಿಸಿದಳು. ಔಷಧಿ ಅಂಗಡಿಯವನು ತಲೆ ಅಲ್ಲಾಡಿಸಿ ಹೋದ. ದರ್ಜಿ ಅತ್ತಿಗೆಯ ಪರ ವಹಿಸಿದ, ಅವನಿಗೆ ತನ್ನದೇ ಲೆಕ್ಕ ಚುಕ್ತಾ ಮಾಡುವುದಿತ್ತು. ಅತ್ತಿಗೆಯ ಮುಖ ಕಪ್ಪಿಟ್ಟಿತು. ಮೂರನೆಯ ದಿನ ಅವಳು ಮೊಳೆಗೆ ಚೀಟಿ ಚುಚ್ಚುವುದನ್ನೂ ಬಿಟ್ಟಳು. ಕೆಲಸದ ಚೀಟಿಗಳನ್ನು ಗೂಡಿನ ಬಾಗಿಲಲ್ಲಿ ನೆಲಕ್ಕೆ ಬಿಸಾಡಿ ಹೋಗುತ್ತಿದ್ದಳು.

ಬುಧವಾರ ಮಧ್ಯಾಹ್ನ ಸೊಟ್ಟಕ್ಕ ಕಳ್ಳಿಯನ್ನು ಸಾಕ್ಷಿಸಮೇತ ಹಿಡಿಯಬೇಕೆಂದು ಹೊರಟಳು. ಫೈಲನ್ನು ಎಂದು ಉಳಿಸಿದ್ದು ಎಂದು ಕಂಪ್ಯೂಟರೇ ಬರೆದಿಟ್ಟಿರುತ್ತದೆ. ತಾನು ಜ್ವರ ಬಂದು ಮಲಗಿದ್ದ ಆ ದಿನಾಂಕವೇ ಇರುತ್ತದೆ, ಅದನ್ನು ಪ್ರಿಂಟ್ ತೆಗೆದು ಕೌಂಟರಿನ ಗಾಜಿಗೆ ಅಂಟಿಸಬೇಕು ಎಂದುಕೊಂಡೇ ನೋಡಿದಳು.

ದಿನಾಂಕ ಹದಿನೈದು ವರ್ಷ ಹಿಂದಿನದು. ಜ್ವರ ಬಂದದ್ದು ಒಂಬತ್ತು ವರ್ಷದ ಹಿಂದೆ. ಫೈಲಿನ ಹೆಸರು 'ಅಪ್ಪ ಗೋಡೆ ಆಯ್ತು'. ಅದೇ ದಿನದ, ಅರ್ಧ ಗಂಟೆ ಈಚಿನ ಇನ್ನೊಂದು, 'ಅಪ್ಪ ಗೋಡೆ ನಿಜವಾಗ್ಲೂ ಆಯ್ತು'. ಹೀಗೆ ಹೆಸರಿಡುವ ಚಾಳಿ ಈ ಭೂಮಿಯ ಮೇಲೆ ಒಬ್ಬಳಿಗೇ ಇದ್ದದ್ದು.

ನೆನಪು ಬಂತು. ಕಂಪ್ಯೂಟರ್ ಹೊಸದು. ಮೂಲೆ ಎಳೆಯುವುದನ್ನು ಅವಳು ಅದೇ ವಾರ ಕಲಿತಿದ್ದಳು, ಲಕೋಟೆಯ ಗಂಧಗಾಳಿಯೂ ಇರಲಿಲ್ಲ. ಅಪ್ಪ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತಿದ್ದ. ಗಲ್ಲಿ ಸಣ್ಣದು, ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡಿದ್ದು, ಹಾಗಾಗಿ ಸಾಲು ಓರೆಯಾಗಿದೆ, ನೆಟ್ಟಗೆ ಮಾಡು ಪುಟ್ಟಿ ಎಂದಿದ್ದ. ಅವಳು ಎಳೆದು ಸರಿ ಒತ್ತಿದಳು. "ಬಲಗಡೆ ಇನ್ನೊಂಚೂರು ಕೆಳಗೆ," ಎಂದ. ಎಳೆದಳು, ಒತ್ತಿದಳು. "ಇನ್ನೊಂಚೂರು." ಒತ್ತಿದಳು. ಹನ್ನೆರಡು ಸಲವೋ ಹದಿನೈದು ಸಲವೋ. ಕೊನೆಗೆ, "ಆ ಕಿಟಕಿ ಯಾಕೆ ಬೇಕು, ಕತ್ತರಿಸಿಬಿಡು, ಅಕ್ಷರ ಮಾತ್ರ ಇರಲಿ," ಎಂದ. ಕಿಟಕಿಯನ್ನೂ ಇನ್ನೊಂದು ಪಕ್ಕದ ನೀರಿನ ಕೊಳವೆಯನ್ನೂ ಕತ್ತರಿಸಿ, ಮೂಲದ ಮೇಲೇ ಉಳಿಸಿದ್ದಳು. ಅಪ್ಪನಿಗೆ ತೃಪ್ತಿಯಾಗಿತ್ತು. ಅವಳಿಗೂ ಆಗಿತ್ತು.

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಕುರ್ಚಿಯಲ್ಲಿ ಕುಳಿತು ತನ್ನದೇ ಚೀಟಿಯನ್ನು ಓದಿದಳು. ಮೂಲ ಮುಟ್ಟಿದವರ ಕೈ. ತಾನೇ ಅಂಟಿಸಿದ್ದು, ಕಿತ್ತುಹಾಕಲೂ ಮನಸ್ಸಾಗಲಿಲ್ಲ. ಅತ್ತಿಗೆಯ ಕಡೆ ನೋಡಿದಳು. ನಾಚಿಕೆಯಾಯಿತು ಎಂದರೆ ಅರ್ಧ ನಿಜ. ಆ ಹೆಂಗಸಿನ ತಪ್ಪಲ್ಲವಲ್ಲ ಎಂದು ಸಿಟ್ಟೂ ಬಂತು. ಇಷ್ಟು ವರ್ಷ ಜೋಪಾನವಾಗಿ ಬೆಳೆಸಿದ ದ್ವೇಷ ಹೀಗೆ ಕೈಕೊಟ್ಟರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಆದರೆ ಶುಕ್ರವಾರ ಎದುರಿಗಿತ್ತು. ಶುಕ್ರವಾರಕ್ಕೆ ಒಳ್ಳೆಯ ಚಿತ್ರವಿಲ್ಲದಿದ್ದರೆ ಆ ಗೋಡೆಯ ಮೇಲೆ ಕಂಪ್ಯೂಟರ್ ಅಕ್ಷರ ಕೂರುತ್ತದೆ, ಅಪ್ಪನ ಕೈ ಈ ಊರಿನಲ್ಲಿ ಇತ್ತೆಂಬುದಕ್ಕೆ ಇನ್ನೊಂದು ಗುರುತು ಉಳಿಯುವುದಿಲ್ಲ. ಆ ಫೋಟೋ ತೆಗೆದದ್ದು ಯಾರ ಕ್ಯಾಮೆರಾದಲ್ಲಿ? ಹೊಸದಾಗಿ ಮದುವೆಯಾಗಿ ಬಂದಿದ್ದ ಅತ್ತಿಗೆಯ ಕ್ಯಾಮೆರಾದಲ್ಲಿ. ತೆಗೆದದ್ದೂ ಅವಳೇ. ಅತ್ತಿಗೆ ಏನನ್ನೂ ಎಸೆಯುವವಳಲ್ಲ, ಏನನ್ನೂ ತೆರೆದು ನೋಡುವವಳೂ ಅಲ್ಲ. ಹರಿದ ಅಂಗಿಯಿಂದ ಬಿಚ್ಚಿದ ಗುಂಡಿಗಳನ್ನು ತವರಿನಿಂದ ತಂದ ತಗಡಿನ ಡಬ್ಬಿಯಲ್ಲಿ ಹದಿನೈದು ವರ್ಷದಿಂದ ಕೂಡಿಹಾಕುತ್ತಿರುವ ಹೆಂಗಸು.

ಸೊಟ್ಟಕ್ಕ ಗಂಟಲು ಸರಿಮಾಡಿಕೊಂಡಳು. "ಅಣ್ಣಾ, ಅತ್ತಿಗೆನ ಕೇಳು, ಆ ಹಳೇ ಕ್ಯಾಮೆರಾದ ಕಾರ್ಡು ಏನಾದ್ರೂ ಇದೆಯಾ ಅಂತ."

ಪಿನ್ನಿನ ಸದ್ದು ನಿಂತಿತು. "ಏನ್ರೀ, ನಿಮ್ಮ ತಂಗಿಗೆ ಹೇಳಿ, ಬೆಳಗ್ಗೆ ತನಕ ಕಳ್ಳಿ ಆಗಿದ್ದೆ, ಮಧ್ಯಾಹ್ನಕ್ಕೆ ಕಾರ್ಡಿನ ಯಜಮಾನಿ ಆದ್ನಾ?"

"ಇದೆಯೋ ಇಲ್ವೋ ಹೇಳೋಕೆ ಹೇಳು."

"ಇದೆ. ಆದ್ರೆ ಕೆಡಿಸಿದ್ದು ಯಾರು ಅಂತ ಮೊದಲು ಹೇಳಲಿ. ಮೂರು ದಿನ ಊರವರಿಗೆಲ್ಲ ಹೇಳಿದಾರಲ್ಲ, ಇವರೆದುರಿಗೂ ಹೇಳಲಿ."

ಇವರು ಎಂದರೆ ಆಗ ಕೌಂಟರಿನಲ್ಲಿ ನಿಂತಿದ್ದ ಮೂವರು ಗಿರಾಕಿಗಳು ಮತ್ತು ಬಿಲ್ ಪುಸ್ತಕದ ರೇಟು ಕೇಳಲು ಬಂದ ನೆಪದಲ್ಲಿ ಬಾಗಿಲಿಗೆ ಒರಗಿದ್ದ ದರ್ಜಿ. ಸೊಟ್ಟಕ್ಕ ಗೂಡಿನಿಂದ ಹೊರಗೆ ಬಂದಳು. ಯಂತ್ರ ತಾನಾಗಿ ನಿಂತಿತ್ತು.

"ಅಣ್ಣಾ, ಹೇಳು," ಎಂದಳು. "ನಾನೇ ಕೆಡಿಸಿದ್ದು. ಹದಿನೈದು ವರ್ಷದ ಹಿಂದೆ. ಅವರದೇನೂ ತಪ್ಪಿಲ್ಲ."

ಅಣ್ಣ 'ಕೇಳಿಸ್ತಲ್ಲ' ಎನ್ನಲಿಲ್ಲ. ದರ್ಜಿಯ ಮುಖ ಅರಳಿತು. ಅತ್ತಿಗೆ ಡ್ರಾಯರಿನಿಂದ ತಗಡಿನ ಡಬ್ಬಿ ತೆಗೆದು, ಗುಂಡಿಗಳನ್ನೆಲ್ಲ ಗಾಜಿನ ಮೇಲೆ ಸುರಿದು, ನಡುವಿನಿಂದ ಉಗುರಿನಷ್ಟಗಲದ ಕಾರ್ಡನ್ನು ಆರಿಸಿದಳು. ಅದನ್ನೊಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೊಟ್ಟಕ್ಕನ ಚಾಚಿದ ಕೈಯನ್ನು ದಾಟಿಕೊಂಡು ಹೋಗಿ, ಮೊಳೆಗೆ ಚುಚ್ಚಿದಳು. ಅಂದೂ ಸೊಟ್ಟಗೇ.

ಕಾರ್ಡಿನಲ್ಲಿ ಫೋಟೋ ಇತ್ತು. ಯಾರೂ ಮುಟ್ಟಿರದ ಮೂಲ. ಗಲ್ಲಿಯ ಒಂದು ಪಟ್ಟಿ ಆಕಾಶ, ಮೇಲಕ್ಕೆ ಹೋಗುತ್ತ ಕಿರಿದಾಗುವ ನೀಲಿ ಗೋಡೆ, ಚೂಪಾದ ಹಳದಿ ಅಂಚುಗಳು, ಕುಂಚ ತಿರುಗಿದ ಕಡೆ ಬಣ್ಣದ ಗೀರು ಸಮೇತ. ಎಡಕ್ಕೆ ಕಿಟಕಿ, ಬಲಕ್ಕೆ ನೀರಿನ ಕೊಳವೆ. ದೂರದಿಂದ ನೋಡುವ ಚಿತ್ರಕ್ಕೆ ಧಾರಾಳವಾಗಿ ಸಾಕು. ಸೊಟ್ಟಕ್ಕ ಮೊದಲು ಎರಡು ಕಡೆ ನಕಲು ಮಾಡಿಟ್ಟಳು. ನಕಲನ್ನು ಲಕೋಟೆಗೆ ಹಾಕಿದಳು. ಆಮೇಲೆ ಮೂಲೆ ಹಿಡಿದಳು. ಕಿಟಕಿಯ ಚೌಕಟ್ಟು ಚೌಕವಾಗಬೇಕು, ಕೊಳವೆ ನೆಟ್ಟಗೆ ನಿಲ್ಲಬೇಕು, ಇವೆರಡು ಸರಿಹೋದರೆ ಗೋಡೆ ಸರಿಹೋಯಿತು, ಗೋಡೆ ಸರಿಹೋದರೆ ಅದರ ಮೇಲಿನ ಅಕ್ಷರ ತಾನಾಗಿ ಸರಿಹೋಗುತ್ತದೆ. ಗಾರೆಯವನು ಕೂರಿಸಿದ ಕಿಟಕಿ ಸುಳ್ಳು ಹೇಳುವುದಿಲ್ಲ.

ಕಿಟಕಿ ಚೌಕವಾಯಿತು. ಕೊಳವೆ ನೆಟ್ಟಗೆ ನಿಂತಿತು. ಅಕ್ಷರಗಳು ಸೊಟ್ಟಗಿದ್ದವು.

ತನ್ನ ಕೈ ತಪ್ಪಿತೆಂದು ಮತ್ತೆ ಎಳೆದಳು. ಕಿಟಕಿಯ ಕೆಳಗಿನ ಅಂಚಿಗೆ ಗೆರೆ ಹಾಕಿ ನೋಡಿದಳು. ಕಿಟಕಿಯ ಮೇಲಿನ ಸಜ್ಜಾದ ಅಂಚಿಗೆ ಗೆರೆ ಹಾಕಿ ನೋಡಿದಳು. ಗೋಡೆಯಲ್ಲಿದ್ದದ್ದೆಲ್ಲ ನೆಟ್ಟಗಿತ್ತು. ಅಪ್ಪನ ಸಾಲು ಮಾತ್ರ 'ಹೊಲಿಗೆ'ಯಿಂದ ಹೊರಟು ನಿಧಾನವಾಗಿ ಮೇಲಕ್ಕೆ ಹತ್ತುತ್ತ, 'ರಿಪೇರಿ'ಗೆ ಬರುವ ಹೊತ್ತಿಗೆ ಒಂದು ಗೇಣು ಮೇಲಿತ್ತು. ಕೊನೆಯ ಅಕ್ಷರಗಳು ಸ್ವಲ್ಪ ದೊಡ್ಡವೂ ಆಗಿದ್ದವು. ದಾರ ಹೊಡೆದಿದ್ದರೆ ಹೀಗಾಗುತ್ತಿರಲಿಲ್ಲ.

ಬಲಗಡೆ ಇನ್ನೊಂಚೂರು ಕೆಳಗೆ. ಆ ಕಿಟಕಿ ಯಾಕೆ ಬೇಕು.

ಅವಳಿಗೆ ಅರ್ಥವಾಯಿತು. ಅರ್ಥವಾಗದ ಹಾಗೆ ಇನ್ನೂ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಅಣ್ಣನನ್ನು ಕರೆಯದೆ, "ಅತ್ತಿಗೆ," ಎಂದಳು. "ಈ ಗೋಡೆ ಬರೆದ ದಿನ ನೀವು ಅಲ್ಲಿದ್ರಾ?"

ಅತ್ತಿಗೆ ಗೂಡಿನ ಬಾಗಿಲಿಗೆ ಬಂದು ನಿಂತಳು. ಪರದೆ ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಕರುಣೆಯೂ ಇರಲಿಲ್ಲ. ಇಷ್ಟು ವರ್ಷ ಈ ಗಳಿಗೆಗೇ ಕಾದಿದ್ದವಳ ಹಾಗಿದ್ದಳು.

"ಇದ್ದೆ. ಊಟದ ಡಬ್ಬಿ ತಗೊಂಡು ಹೋಗಿದ್ದೆ. ಏಣಿ ಮೇಲಿಂದ ಕೇಳಿದ್ರು, ನೆಟ್ಟಗಿದೆಯೇನಮ್ಮಾ ಅಂತ. ನೋಡಿದ್ರೆ ಮೆಟ್ಟಿಲು ಹತ್ತಿದ ಹಾಗೆ ಹತ್ಕೊಂಡು ಹೋಗಿದೆ. ಮದುವೆಯಾಗಿ ನಾಲ್ಕು ತಿಂಗಳು ನನಗೆ. ಇದೆ ಮಾವ, ಅಂದೆ. ಇಳಿದು ಬಂದು, ಗಲ್ಲಿ ತುದಿಗೆ ಹೋಗಿ ತಿರುಗಿ ನೋಡಿದ್ರು. ಕೂತು ಊಟ ಮಾಡಿದ್ರು. ಆಮೇಲೆ ಅಂದ್ರು, ಬಲಗಣ್ಣು ಮಂಜಾಗಿ ವರ್ಷ ಆಯ್ತಮ್ಮಾ, ಪುಟ್ಟಿಗೆ ಹೇಳಬೇಡ, ಅವಳು ನನ್ನ ಕಣ್ಣನ್ನೇ ನಂಬ್ಕೊಂಡು ಕೂತಿದಾಳೆ ಅಂತ."

"ಮತ್ತೆ ನೀವು..."

"ನಾನು ಹೇಳಲಿಲ್ಲ. ನೀನು ನನ್ನನ್ನ ಗುಂಡಿ ಕಣ್ಣು ಅಂದಾಗಲೂ ಹೇಳಲಿಲ್ಲ. ನಿಮ್ಮಪ್ಪ ಇದ್ದಿದ್ರೆ ನನ್ನನ್ನ ಮೆಟ್ಟಿಲು ಹತ್ತಿಸ್ತಿರಲಿಲ್ಲ ಅಂದ್ಯಲ್ಲ, ಆವತ್ತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ನಿನ್ನ ಮೇಲಿನ ಪ್ರೀತಿಗಲ್ಲ, ತಿಳ್ಕೋ. ಅವರಿಗೆ ಮಾತು ಕೊಟ್ಟಿದ್ದೆ."

"ಅವತ್ತೇ ಸೊಟ್ಟ ಅಂದಿದ್ರೆ ಅಳಿಸಿ ಬರೀತಿದ್ರಲ್ಲ!" ಸೊಟ್ಟಕ್ಕ ಕುರ್ಚಿಯಿಂದ ಎದ್ದಳು. "ನೀವು ಸುಳ್ಳು ಹೇಳಿದ್ದಕ್ಕೇ ಅದು ಹಾಗೇ ಉಳೀತು."

"ಹೌದು. ನಿನ್ನ ಹಾಗೆ ಮುಖದ ಮೇಲೆ ಹೊಡೆದು ಹೇಳೋಕೆ ನನಗೆ ಬರಲ್ಲ," ಎಂದು ಅತ್ತಿಗೆ ಕೌಂಟರಿಗೆ ಹೋಗಿ ಗುಂಡಿಗಳನ್ನು ಡಬ್ಬಿಗೆ ತುಂಬತೊಡಗಿದಳು.

ಗುರುವಾರ ಇಡೀ ದಿನ ಸೊಟ್ಟಕ್ಕನಿಗೆ ಅಪ್ಪನ ಮೇಲೆ ಕೋಪ ಬಂದಿತ್ತು. ಸತ್ತವನ ಮೇಲೆ ಕೋಪ ಬಂದರೆ ಹೇಳಿಕೊಳ್ಳುವುದಾದರೂ ಯಾರ ಹತ್ತಿರ? ದಾರ ಬೇಕಾದವನು ಕುರುಡ ಎಂದವನು ಕಣ್ಣು ಹೋದ ಮೇಲೂ ದಾರ ಹೊಡೆಯಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವ ಬದಲು ಮಗಳ ಕೈಯಿಂದಲೇ ಅದನ್ನು ಎಳೆಸಿ ಎಳೆಸಿ ಮುಚ್ಚಿಸಿದ, ಸೊಸೆಯ ಬಾಯಿಗೆ ಬೀಗ ಹಾಕಿದ. ತಾನಾದರೋ ಊರಿನ ಕ್ಯಾಲೆಂಡರು, ಬೋರ್ಡು, ಬೈತಲೆಗಳನ್ನೆಲ್ಲ ತಿದ್ದುತ್ತ, ಆ ಗಲ್ಲಿಯಲ್ಲಿ ಸಾವಿರ ಸಲ ಓಡಾಡಿಯೂ ತಲೆಯೆತ್ತಿ ನೋಡಿ ಸೊಟ್ಟ ಎನ್ನಲಿಲ್ಲ. ಅಪ್ಪ ಬರೆದದ್ದು, ನೆಟ್ಟಗೇ ಇರುತ್ತದೆ ಎಂದು ನೋಡುವ ಮೊದಲೇ ನಂಬಿದ್ದಳು. ಕಣ್ಣೀರು ಬಂತು. ಒರೆಸಿಕೊಂಡಳು. ಮತ್ತೆ ಬಂತು.

ಈಗ ಅವಳ ಕೈಯಲ್ಲಿ ಲಕೋಟೆಯಿತ್ತು. ಅಪ್ಪನ ಸಾಲನ್ನು ಒಂದೇ ಎಳೆತಕ್ಕೆ ನೆಟ್ಟಗೆ ಮಾಡಬಹುದಿತ್ತು, ಒಂದು ಅಂಚೂ ಮಸುಕಾಗದ ಹಾಗೆ. ಕಿಟಕಿ ಕತ್ತರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಪ್ಪ ಬಯಸಿದ್ದೂ ಅದನ್ನೇ. ಅವಳು ಹಾಗೆ ಎಳೆದೂ ನೋಡಿದಳು. ಸುಂದರವಾಗಿ ಬಂತು. ಯಾವ ಕಂಪ್ಯೂಟರ್ ಅಕ್ಷರಕ್ಕೂ ಕಡಿಮೆಯಿಲ್ಲದ ಹಾಗೆ ಬಂತು. ಅದನ್ನೇ ಬಹಳ ಹೊತ್ತು ನೋಡಿ, ಮೂಲೆಗಳನ್ನು ಕಿಟಕಿಯ ಅಳತೆಗೆ ವಾಪಸು ತಂದಳು.

ಶುಕ್ರವಾರ ಹೊಲಿಗೆ ಯಂತ್ರದಂಗಡಿಯವರ ಮಗಳು ಬಂದಳು. ಕೌಂಟರಿನ ಮೇಲೆ ಮೂರು ಅಡಿ ಉದ್ದದ ಸ್ಯಾಂಪಲ್ ಹಾಸಿತ್ತು. ನೋಡುತ್ತಿದ್ದ ಹಾಗೆ ಅವಳ ಮುಖ ಅರಳಿತು, ಆಮೇಲೆ ಹುಬ್ಬು ಗಂಟಾಯಿತು.

"ಅಕ್ಷರ ಏನು ಚೆನ್ನಾಗಿ ಬಂದಿದೆ! ಆದ್ರೆ ಬಲಗಡೆ ಹೋಗ್ತಾ ಹೋಗ್ತಾ ಮೇಲೆ ಹತ್ತಿದೆಯಲ್ಲಾ. ನೀವು ನೆಟ್ಟಗೆ ಮಾಡಿಕೊಡ್ತೀರಂತೆ?"

ಪಿನ್ನಿನ ಸದ್ದು ನಿಂತಿತು. ಹಿಂದೆ ಯಂತ್ರವೂ ನಿಂತಿತು.

"ಗೋಡೆ ನೆಟ್ಟಗೆ ಮಾಡಿದೀನಿ. ಕಿಟಕಿ ನೋಡಿ, ಕೊಳವೆ ನೋಡಿ," ಎಂದಳು ಸೊಟ್ಟಕ್ಕ. "ಸಾಲು ಸೊಟ್ಟ ಇದೆ. ನಮ್ಮಪ್ಪ ಬರೆದದ್ದೇ ಹಾಗೆ. ಆಗ ಅವರಿಗೆ ಒಂದು ಕಣ್ಣು ಕಾಣ್ತಿರಲಿಲ್ಲ. ನೆಟ್ಟಗಿರೋದು ಬೇಕು ಅಂದ್ರೆ ಕಂಪ್ಯೂಟರ್ ಅಕ್ಷರ ಹಾಕಿಸ್ಕೊಳ್ಳಿ, ನಾನೇ ಮಾಡಿಕೊಡ್ತೀನಿ. ಇದನ್ನ ಮಾತ್ರ ನಾನು ಇನ್ನು ಮುಟ್ಟಲ್ಲ."

ಆ ಹೆಂಗಸು ಇನ್ನೊಮ್ಮೆ ನೋಡಿದಳು. "ಒಂದೇ ಕಣ್ಣಲ್ಲಿ, ಅಷ್ಟು ಎತ್ತರದಲ್ಲಿ ನಿಂತು ಬರೆದ್ರಾ?" ಎಂದಳು. ಸ್ಯಾಂಪಲನ್ನು ಸುರುಳಿ ಸುತ್ತಿ, "ಹೀಗೇ ಇರಲಿ," ಎಂದು ಹೋದಳು.

ಸೊಟ್ಟಕ್ಕ ಗೂಡಿಗೆ ಬಂದು ಕಂಪ್ಯೂಟರಿನಿಂದ ಕಾರ್ಡನ್ನು ಹೊರತೆಗೆದಳು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕೌಂಟರಿಗೆ ಹೋಗಿ, ಅತ್ತಿಗೆಯ ತಗಡಿನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು. ಅತ್ತಿಗೆ ತಲೆಯೆತ್ತಲಿಲ್ಲ.

"ಅಣ್ಣಾ," ಎಂದು ಸೊಟ್ಟಕ್ಕ ಕೂಗಿದಳು. "ಅತ್ತಿಗೆಗೆ ಹೇಳು, ಕಾರ್ಡು ಅವರ ಹತ್ರಾನೇ ಇರಲಿ. ನನ್ನ ಕೈಲಿದ್ರೆ ಉಳಿಯಲ್ಲ."

ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದು ಕಾರ್ಡನ್ನು ಗುಂಡಿಗಳ ನಡುವೆ ಹಾಕಿದಳು.

"ಏನ್ರೀ," ಎಂದಳು. "ನಿಮ್ಮ ತಂಗಿಗೆ ಹೇಳಿ, ಅದು ನನಗೆ ಹದಿನೈದು ವರ್ಷದಿಂದ ಗೊತ್ತು ಅಂತ."